ಮನೆಯಲ್ಲಿ ಮೂವತ್ತರ ವಯಸ್ಸಿನವರು ಇದ್ದಾರೆಯೇ?

ಸೋಲ್, ಅಕ್ಟೋಬರ್ 28

ಅಪ್ಪನಿಗೆ ನಮಸ್ಕಾರಗಳು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ರಾಷ್ಟ್ರಾಧ್ಯಕ್ಷರ ವಿಷಯಕ್ಕೆ ಬರುತ್ತೇವೆ, ಐದನೇ ಮಾತಿಗೆ ಯಾರಾದರೊಬ್ಬರು ಫೋನ್ ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಲೇಬೇಕು.

ನಾನು ಆರೋಗ್ಯವಾಗಿದ್ದೇನೆ. ಕೆಲಸ ಬದಲಾಯಿಸಿ ಒಂದು ವರ್ಷವಾಯಿತು. ಇದೂ ಕಚೇರಿಯ ಕೆಲಸವೇ. ಅಮ್ಮ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆಂದು ನಿಮಗೆ ಗೊತ್ತಿರಬಹುದು. ನಿಮ್ಮ ಬಗ್ಗೆ ಕೇಳಿದರೆ, "ಇದಾರೆ ಕಣೋ, ಸೈಕಲ್ ತಿರುಗಿಸ್ಕೊಂಡು ಕೂತಿದಾರೆ" ಎಂದಷ್ಟೇ ಹೇಳುತ್ತಾಳೆ.

ಸುಮ್ಮನೆ ಕೇಳುತ್ತೇನೆ. ನಿಮ್ಮ ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೆಯ ತಂತಿ ಫೋನು ಇನ್ನೂ ಇದೆಯೇ? ಅದನ್ನು ನೀವೇ ಎತ್ತುತ್ತೀರೋ, ಬೇರೆ ಯಾರಾದರೂ ಎತ್ತುತ್ತಾರೋ? ನಿಮಗೆ ಶೀತವಾಗಿತ್ತೇ? ಇಷ್ಟಕ್ಕೆ ಉತ್ತರ ಬರೆಯಿರಿ.

ಮಿನ್‌ಗು

~

ಸಾಂಗ್ಜು, ನವೆಂಬರ್ 3

ಮಿನ್‌ಗುವಿಗೆ,

ನಿನ್ನ ಕಾಗದ ಬಂತು. ಪಿನ್‌ಕೋಡ್ ಹಳೆಯದು ಬರೆದಿದ್ದೀಯ. ಮೂವತ್ತಾರು ವರ್ಷ ಅಂಚೆ ಹಂಚಿದ ಪ್ಯೊ ದಾಲ್ಸುವಿನ ಮಗನಿಗೆ ಪಿನ್‌ಕೋಡ್ ಗೊತ್ತಿಲ್ಲ ಎಂದು ಅಂಚೆ ಕಚೇರಿಯಲ್ಲಿ ಎಲ್ಲರೂ ನಕ್ಕಿರುತ್ತಾರೆ. ಆದರೂ ಮುಟ್ಟಿಸಿದರು, ಹೆಸರು ನೋಡಿ.

ನಾನು ನಾಲ್ಕು ಸಲ ಓದಿದೆ. ನಿನ್ನಮ್ಮ ಒಂದು ಸಲ ಓದಿ, "ಏನ್ರೀ ಇದು, ಮಗ ಕಾಗದ ಬರೆದಿದಾನೋ, ಟೆಲಿಫೋನ್ ಇಲಾಖೆಯವರು ತನಿಖೆ ಮಾಡ್ತಿದಾರೋ?" ಅಂದಳು. ಅವಳಿಗೆ ಏನು ಗೊತ್ತು. ಗಂಡಸರು ಎರಡು ವರ್ಷದ ಮೇಲೆ ಮಾತು ಶುರು ಮಾಡುವಾಗ ಹೀಗೇ ಎಲ್ಲಿಂದಲೋ ಶುರು ಮಾಡಬೇಕಾಗುತ್ತದೆ.

ಫೋನು ಇದೆ. ತಿಂಗಳು ತಿಂಗಳು ದಂಡದ ಬಾಡಿಗೆ, ತೆಗೆಸಿಬಿಡಿ ಎಂದು ನಿನ್ನಮ್ಮ ಗೊಣಗುತ್ತಾಳೆ. ನಿನಗೆ ಬಾಯಿಪಾಠ ಇರುವ ನಂಬರು ಅದೊಂದೇ ಎಂದು ನಾನು ತೆಗೆಸಿಲ್ಲ. ಎತ್ತುವವನೂ ನಾನೇ. ನನಗೆ ಶೀತ ಗೀತ ಏನೂ ಇಲ್ಲ, ಯಾರು ಹೇಳಿದರು ನಿನಗೆ?

ನಿನ್ನ ಸೋದರಮಾವನ ತೋಟದ ಪರ್ಸಿಮನ್ ಹಣ್ಣು ಈ ಸಲ ಚೆನ್ನಾಗಿ ಬಂದಿದೆ. ಅಂಗಡಿಯ ತಾರಸಿಯ ಮೇಲೆ ಸಿಪ್ಪೆ ತೆಗೆದು ದಾರಕ್ಕೆ ಕಟ್ಟಿ ತೂಗುಹಾಕಿದ್ದೇವೆ. ಒಣಗಲು ಐವತ್ತು ದಿನ ಬೇಕು. ಆಮೇಲೆ ಕಳಿಸುತ್ತೇನೆ. ನೀನೇ ಬಂದು ತೆಗೆದುಕೊಂಡು ಹೋದರೂ ಸರಿ.

ರಾಷ್ಟ್ರಾಧ್ಯಕ್ಷರ ವಿಷಯ ನಾನು ಎತ್ತುವುದಿಲ್ಲ. ಎತ್ತಲಿಲ್ಲ ಎಂಬುದನ್ನು ಗಮನಿಸು.

ಅಪ್ಪ

~

ಸೋಲ್, ನವೆಂಬರ್ 8

ಅಪ್ಪ,

ಇದನ್ನು ಅಂಚೆಗೆ ಹಾಕುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನ್ನ ಹೊಸ ಕೆಲಸ ಏನೆಂದು ನಾನು ಅಮ್ಮನಿಗೂ ಹೇಳಿಲ್ಲ. ನಮ್ಮದು ಜನಾಭಿಪ್ರಾಯ ಸಮೀಕ್ಷೆ ಮಾಡುವ ಸಂಸ್ಥೆ. ಮೂವತ್ತು ಹೆಂಗಸರು ಸಾಲಾಗಿ ಕೂತು ದೇಶದ ಮನೆಮನೆಗೆ ಫೋನ್ ಮಾಡಿ, ರಾಷ್ಟ್ರಾಧ್ಯಕ್ಷರು ತಮ್ಮ ಕೆಲಸ ಚೆನ್ನಾಗಿ ಮಾಡುತ್ತಿದ್ದಾರೆಯೇ, ಅವರು ಆ ಕುರ್ಚಿಯಲ್ಲಿ ಮುಂದುವರಿಯಬೇಕೇ ಎಂದು ಕೇಳುತ್ತಾರೆ. ಆ ಮಾತುಗಳೆಲ್ಲ ದಾಖಲಾಗುತ್ತವೆ. ಹತ್ತರಲ್ಲಿ ಒಂದನ್ನು ನಾನು ಕೇಳಿ, ಉತ್ತರ ಕೊಟ್ಟವರು ನಿಜವಾದವರೇ ಎಂದು ನೋಡಿ, 'ಸರಿ' ಅಥವಾ 'ರದ್ದು' ಎಂದು ಒತ್ತಬೇಕು. ಅದೇ ನನ್ನ ಸಂಬಳದ ಕೆಲಸ.

ಅಕ್ಟೋಬರಿನಲ್ಲಿ ನಮ್ಮ ಸಾಂಗ್ಜು ಕಡೆಯ ಐನೂರು ಜನರನ್ನು ಕೇಳುವ ಕೆಲಸ ಬಂತು. ಇಪ್ಪತ್ನಾಲ್ಕನೇ ತಾರೀಖು ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಿಸ್ಕತ್ತು ತಿನ್ನುತ್ತಿದ್ದೆ.

"ಸರ್, ನಿಮ್ಮ ವಯಸ್ಸು ಎಷ್ಟು?"

"ಮೂವತ್ಮೂರು."

"ಮೂವತ್ಮೂರಾ? ದನಿ ಸ್ವಲ್ಪ..."

"ಶೀತ ಆಗಿದೆ ಕಣಮ್ಮ."

ಎರಡು ವರ್ಷದ ಮೇಲೆ ನಿಮ್ಮ ದನಿ ಕೇಳಿದೆ, ಅಪ್ಪ. ಕೇಳಿದ್ದು ಹೀಗೆ. ಬಿಸ್ಕತ್ತು ಬಾಯಲ್ಲೇ ಉಳಿಯಿತು. ಆಕೆ ಕೆಲಸ ಏನೆಂದು ಕೇಳಿದಳು.

"ಆಫೀಸು. ಸೋಲ್‌ನಲ್ಲಿದ್ದೆ. ಈಗ ವಾಪಸ್ ಊರಿಗೆ ಬಂದ್ಬಿಟ್ಟಿದೀನಿ. ಅಪ್ಪನ ಜೊತೆ ಸೈಕಲ್ ಅಂಗಡಿ ನೋಡ್ಕೊತಿದೀನಿ."

"ಒಳ್ಳೇದಾಯ್ತು ಬಿಡಿ. ನಿಮ್ಮಪ್ಪನಿಗೆ ಖುಷಿಯಾಗಿರ್ಬೇಕು."

ಹಿಂದೆ ಸೈಕಲ್ ಚಕ್ರ ತಿರುಗುವ ಸದ್ದು ಇತ್ತು. ಆಮೇಲೆ ನೀವು, "ಆಗಿದೆ" ಅಂದಿರಿ.

ರಾಷ್ಟ್ರಾಧ್ಯಕ್ಷರ ಬಗ್ಗೆ ಕೇಳಿದ್ದಕ್ಕೆ, ತುಂಬಾ ಚೆನ್ನಾಗಿ ಮಾಡುತ್ತಿದ್ದಾರೆ, ಅವಧಿ ಮುಗಿಯುವವರೆಗೂ ಇರಬೇಕು ಎಂದಿರಿ. ನನ್ನ ವಯಸ್ಸು ಹಾಕಿಕೊಂಡು, ನನ್ನ ಕೆಲಸ ಹೇಳಿಕೊಂಡು.

ನಾನು 'ರದ್ದು' ಒತ್ತಬೇಕಿತ್ತು. ಬೆರಳು ಅಲ್ಲಿಗೇ ಹೋಗಿತ್ತು. ರದ್ದು ಮಾಡಿದರೆ ಆ "ಆಗಿದೆ" ಎಂಬ ಮಾತೂ ರದ್ದಾಗುತ್ತದೆ ಅನ್ನಿಸಿತು. 'ಸರಿ' ಒತ್ತಿದೆ.

ಆ ವಾರವೂ ಶನಿವಾರ, ರಾಷ್ಟ್ರಾಧ್ಯಕ್ಷರ ವಿರುದ್ಧ ಜನ ಸೇರುವ ಚೌಕಕ್ಕೆ ಹೋದೆ. ತನ್ನ ಮೇಲಿನ ತನಿಖೆಯನ್ನು ತಾನೇ ನಿಲ್ಲಿಸಿದ ಸುಳ್ಳುಗಾರ ಇಳಿಯಲಿ ಎಂದು ಎಲ್ಲರ ಜೊತೆ ಮೇಣದಬತ್ತಿ ಹಿಡಿದು ಕೂಗಬೇಕು. ಬಾಯಿ ತೆರೆದೆ, ದನಿ ಬರಲಿಲ್ಲ. ನಾಚಿಕೆಯಾಯಿತು. ಪಕ್ಕದವರು ನನಗೆ ಶೀತವಾಗಿದೆ ಎಂದುಕೊಂಡರು.

~

ಸೋಲ್, ನವೆಂಬರ್ 9

ಅಪ್ಪನಿಗೆ,

ಕಾಗದ ಸಿಕ್ಕಿತು. ಪಿನ್‌ಕೋಡ್ ತಿದ್ದಿದ್ದೇನೆ. ಹಣ್ಣು ಒಣಗಿಸುತ್ತಿರುವುದು ಕೇಳಿ ಸಂತೋಷ. ತಾರಸಿ ಹತ್ತುವಾಗ ಏಣಿಯನ್ನು ಯಾರಿಗಾದರೂ ಹಿಡಿದುಕೊಳ್ಳಲು ಹೇಳಿ.

ಇತ್ತೀಚೆಗೆ ಸಮೀಕ್ಷೆಯವರು ಊರುಗಳಿಗೆಲ್ಲ ಫೋನ್ ಮಾಡುತ್ತಿದ್ದಾರಂತೆ. ನಿಮಗೂ ಬಂದರೆ ಏನು ಅನ್ನಿಸುತ್ತದೋ ಅದನ್ನು ಹೇಳಿ. ನೀವು ನೀವಾಗಿಯೇ ಹೇಳಿ.

ಮಿನ್‌ಗು

~

ಸಾಂಗ್ಜು, ನವೆಂಬರ್ 16

ಮಿನ್‌ಗುವಿಗೆ,

ನಿನ್ನ ಎರಡನೇ ಕಾಗದವೂ ಬಂತು. ವಿಷಯವನ್ನು ನೀನೇ ಎತ್ತಿದ್ದೀಯ. ಆದ್ದರಿಂದ ನಾನು ಮಾತಾಡಬಹುದು.

ಮೊನ್ನೆ ನಮ್ಮ ಕಡೆಯ ಪತ್ರಿಕೆಯಲ್ಲಿ ಮುಖಪುಟದಲ್ಲೇ ಬಂದಿದೆ, ಸಂಜೆ ಟಿವಿಯವರೂ ಹೇಳಿದರು. ಮೂವತ್ತರ ಹರೆಯದ ಗಂಡಸರೂ ರಾಷ್ಟ್ರಾಧ್ಯಕ್ಷರ ಬೆನ್ನಿಗೆ ನಿಂತಿದ್ದಾರೆ, ನೂರಕ್ಕೆ ಐವತ್ತನಾಲ್ಕು. ಬೇಸಿಗೆಯಲ್ಲಿ ಮೂವತ್ತೊಂದು ಇತ್ತು. ಹಿರಿಯರ ಭವನದಲ್ಲಿ ನಾವೆಲ್ಲ ಸೇರಿ ಅಕ್ಕಿಯ ಹೆಂಡ ಮಕ್ಕೊಲ್ಲಿ ಕುಡಿದೆವು. ಬಡಗಿ ಉಮ್ ಲೋಟ ಎತ್ತಿ, "ಹುಡುಗರಿಗೂ ಬುದ್ಧಿ ಬಂತಪ್ಪ ಕೊನೆಗೆ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ವಲ್ಪ ಜಾಸ್ತಿಯೇ ನಕ್ಕೆ ಅನ್ನಿಸುತ್ತದೆ.

ನೋಡು, ಇದು ನನ್ನಂಥ ಮುದುಕನ ಮಾತಲ್ಲ. ನಿನ್ನ ವಯಸ್ಸಿನವರು, ನಿನ್ನ ಜೊತೆ ಇಲ್ಲಿನ ಶಾಲೆಗೆ ಹೋದವರು ಹೇಳುತ್ತಿರುವುದು. ಇಷ್ಟು ಜನ ಒಪ್ಪಿದ ಮೇಲೆ ಆ ಮನುಷ್ಯ ಅಲ್ಲಿ ಕೂರಲು ಯೋಗ್ಯನಲ್ಲ ಎಂದು ಹೇಗೆ ಹೇಳುತ್ತೀಯ? ಅಂಕಿ ಇದೆ, ಕಣ್ಣ ಮುಂದೆ ಇದೆ.

ನನಗೊಂದು ಅನುಮಾನ. ನೀನೂ ಒಳಗೊಳಗೇ ಬದಲಾಗಿದ್ದೀಯ. ಅದಕ್ಕೇ ಎರಡು ವರ್ಷದ ಮೇಲೆ ಕಾಗದ ಬರೆದೆ, ಬಾಯಿಬಿಟ್ಟು ಹೇಳಲು ಸಂಕೋಚ. ಸಂಕೋಚ ಬೇಡ. ಎರಡು ವರ್ಷದ ಹಿಂದೆ ಚುಸೊಕ್ ಹಬ್ಬದ ಊಟದಲ್ಲಿ ಏನಾಯಿತೋ ಅದನ್ನು ನಾನು ಮರೆತಿದ್ದೇನೆ. ಸೊಲ್ಲಾಲ್ ಹೊಸವರ್ಷಕ್ಕೆ ಬಾ. ನಿನ್ನಮ್ಮ ಈಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಅಪ್ಪ

~

ಸೋಲ್, ನವೆಂಬರ್ 22

ಅಪ್ಪ,

ನಾನು ಬದಲಾಗಿಲ್ಲ. ನಾನು ಕಾಗದ ಬರೆದದ್ದು ಬೇರೆ ಕಾರಣಕ್ಕೆ. ಅದನ್ನು ಮೊದಲ ಸಲವೇ ಹೇಳಲಿಲ್ಲ, ನನ್ನ ತಪ್ಪು.

ಆ ಸಮೀಕ್ಷೆ ಮಾಡಿದ್ದು ನಮ್ಮ ಸಂಸ್ಥೆ. ದಾಖಲಾದ ಕರೆಗಳನ್ನು ಕೇಳಿ ಪರೀಕ್ಷಿಸುವುದು ನನ್ನ ಕೆಲಸ. ಅಕ್ಟೋಬರ್ 24, ಮಧ್ಯಾಹ್ನ, ಮೂವತ್ಮೂರು ವರ್ಷ, ಶೀತ, ಸೈಕಲ್ ಅಂಗಡಿ. ಇನ್ನು ನಾನು ವಿವರಿಸಬೇಕಾಗಿಲ್ಲ.

ನಿಮ್ಮ ಕಾಗದ ಓದಿದ ಮೇಲೆ, ನನ್ನ ಪಾಲಿಗೆ ಬರದಿದ್ದ ದಾಖಲೆಗಳನ್ನೂ ತೆಗೆದು ಕೇಳಿದೆ. ನಮ್ಮ ಕಡೆಯ ಐನೂರು ಜನರಲ್ಲಿ ಮೂವತ್ತರ ಹರೆಯದ ಗಂಡಸರು ಇಪ್ಪತ್ತೆರಡೇ ಜನ ಸಿಕ್ಕಿದ್ದರು. ಇಪ್ಪತ್ತೆರಡರಲ್ಲಿ ಐದು ಜನರ ದನಿ ಅಜ್ಜಂದಿರದು. ಒಬ್ಬರು, ನಾನು ಮೂವತ್ತೈದು ಎಂದು ಹೇಳಿ, ಪಕ್ಕದವರನ್ನು "ಮೂವತ್ತೈದು ಅಂತಾನೇ ಅಲ್ವೇನೋ ದಾಲ್ಸು ಹೇಳಿದ್ದು?" ಎಂದು ಕೇಳಿದ್ದಾರೆ. ಅದು ಉಮ್ ಅಜ್ಜ. ಕರೆ ಮಾಡುವವಳಿಗೆ ದಿನಕ್ಕೆ ಇಷ್ಟು ಎಂದು ಮುಗಿಸಬೇಕು, ಬರೆದುಕೊಂಡು ಮುಂದೆ ಹೋಗಿದ್ದಾಳೆ. ನೀವು ನನಗೆ ತೋರಿಸುತ್ತಿರುವ ಅಂಕಿ ಎಂದರೆ ನೀವೇ. ನೀವು ಹೇಳಿದ ಸುಳ್ಳನ್ನು ಪತ್ರಿಕೆಯಲ್ಲಿ ಓದಿ ನೀವೇ ನಂಬಿದ್ದೀರಿ.

ನನಗೆ ಸಿಟ್ಟು ಬಂದಿದೆ. ಆದರೆ ನಿಮ್ಮ ಮೇಲೆ ಸಿಟ್ಟು ಮಾಡುವ ಯೋಗ್ಯತೆ ನನಗೂ ಇಲ್ಲ. ನಿಮ್ಮ ದನಿ ಗುರುತು ಹಿಡಿದು, ಗೊತ್ತಿದ್ದೂ 'ಸರಿ' ಎಂದು ಒತ್ತಿದವನು ನಾನು. ಚುಸೊಕ್ ಊಟದಲ್ಲಿ ನಿಮ್ಮನ್ನು ಸುಳ್ಳುಗಾರನ ಹಿಂದೆ ಹೋಗುವವರು ಎಂದು ಬೈದೆನಲ್ಲ, ಆ ಬಾಯಿಯೇ ಇದು.

ಸೋಮವಾರ ಕಚೇರಿಯಲ್ಲಿ ಹೇಳಿಬಿಡುತ್ತೇನೆ. ನಿಮ್ಮ ಹೆಸರು ಹೇಳದೆ ಹೇಳಲು ಆಗುವುದಿಲ್ಲ, ಹೇಗೆ ಗುರುತು ಸಿಕ್ಕಿತು ಎಂದು ಕೇಳುತ್ತಾರೆ.

ಮಿನ್‌ಗು

~

ಸೋಲ್, ಡಿಸೆಂಬರ್ 6

ಅಪ್ಪನಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, "ಅಂಗಡಿ ಬಾಗಿಲು ಹಾಕ್ಕೊಂಡು ಒಳಗೆ ಕೂತಿದಾರೆ, ಏನು ಬರೆದೆಯೋ ಮಹರಾಯ?" ಎಂದಳು. ನಾನು ಹೇಳಲಿಲ್ಲ. ನೀವೇ ಹೇಳಬೇಕಾದದ್ದು.

ಕಚೇರಿಯಲ್ಲಿ ಹೇಳಿದೆ. ಮೇಲಿನವರು ನನ್ನನ್ನು ಅರ್ಧ ಗಂಟೆ ಹೊರಗೆ ಕೂರಿಸಿ ಮಾತಾಡಿಕೊಂಡರು. ಆ ಐದು ಉತ್ತರ ತೆಗೆದುಹಾಕಿದ್ದಾರೆ. ಐವತ್ತನಾಲ್ಕು ನಲವತ್ತೊಂದಕ್ಕೆ ಇಳಿಯಿತು. ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು, ರಸಗೊಬ್ಬರದ ಜಾಹೀರಾತಿನ ಕೆಳಗೆ. ಚೌಕದಲ್ಲಿ ನನ್ನ ಪಕ್ಕ ನಿಲ್ಲುವವರೂ ಅದನ್ನು ಓದಿಲ್ಲ. ಐವತ್ತನಾಲ್ಕನ್ನು ಮಾತ್ರ ಎಲ್ಲರೂ ಓದಿದ್ದಾರೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕೇಳುವ ಕೆಲಸ ಮಾತ್ರ ಕಿತ್ತುಕೊಂಡರು. ಈಗ ಅಂಕಿ ತುಂಬುತ್ತೇನೆ. ಊಟದ ಹೊತ್ತಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರುವುದಿಲ್ಲ.

ಸೊಲ್ಲಾಲ್‌ಗೆ ಬರುವ ವಿಷಯ ಈಗ ಏನೂ ಹೇಳಲಾರೆ. ಬಂದರೆ ಮುಖ ಮುಖ ನೋಡಿಕೊಂಡು ಇಬ್ಬರೂ ಏನು ಮಾಡುವುದು?

ಮಿನ್‌ಗು

~

ಸಾಂಗ್ಜು, ಡಿಸೆಂಬರ್ 20

ಮಿನ್‌ಗುವಿಗೆ,

ನಾಲ್ಕು ವಾರ ಬರೆಯಲಿಲ್ಲ. ಬರೆದೆ, ಹರಿದೆ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೊದಲ ಸಲ ಫೋನು ಬಂದದ್ದು ಆಗಸ್ಟಿನಲ್ಲಿ. ರಾಷ್ಟ್ರಾಧ್ಯಕ್ಷರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು ಅಂದಳು ಆ ಹೆಣ್ಣುಮಗಳು. ಅಂಗಿಗೆ ಕೈಯ ಎಣ್ಣೆ ಒರೆಸಿಕೊಂಡು ನೆಟ್ಟಗೆ ನಿಂತೆ. ವಯಸ್ಸು ಕೇಳಿದಳು. ಎಪ್ಪತ್ತೊಂದು ಅಂದೆ. "ಕ್ಷಮಿಸಿ ಸರ್, ಆ ವಯಸ್ಸಿನವರು ನಮಗೆ ಸಾಕಾಗಿದಾರೆ" ಎಂದು ಇಟ್ಟುಬಿಟ್ಟಳು. ಚುಸೊಕ್ ಊಟದಲ್ಲಿ ನೀನು, ನಿಮ್ಮ ವಯಸ್ಸಿನವರಿಂದ ವೋಟಿನ ಹಕ್ಕು ಕಿತ್ತುಕೊಂಡರೆ ದೇಶ ಉದ್ಧಾರ ಆಗುತ್ತೆ ಅಂದೆಯಲ್ಲ. ಅದನ್ನು ಮರೆತಿದ್ದೇನೆ ಎಂದು ಬರೆದಿದ್ದೆ. ಮರೆತಿಲ್ಲ. ನೀನು ಕೂಗಿ ಹೇಳಿದ್ದನ್ನೇ ಆಕೆ ಮರ್ಯಾದೆಯಿಂದ ಹೇಳಿದಳು.

ಒಂದೊಂದು ವಯಸ್ಸಿನವರು ಇಷ್ಟೇ ಜನ ಎಂದು ಅವರಿಗೆ ಲೆಕ್ಕವಿರುತ್ತದೆ, ಹುಡುಗರ ಲೆಕ್ಕ ತುಂಬಿರುವುದಿಲ್ಲ, ಹುಡುಗ ಅಂತ ಹೇಳಿದರೆ ಕೇಳುತ್ತಾರೆ ಎಂದು ಯಾರೋ ಮೊಬೈಲಿನ ಗುಂಪಿನಲ್ಲಿ ಹಾಕಿದ್ದರು. ಅದನ್ನು ಭವನದಲ್ಲಿ ಎಲ್ಲರಿಗೂ ಓದಿ ಹೇಳಿ, ಯಾರು ಯಾವ ವಯಸ್ಸು ಹೇಳಬೇಕೆಂದು ಚೀಟಿ ಬರೆದುಕೊಟ್ಟವನು ನಾನೇ. ಎಲ್ಲರೂ ಮೂವತ್ಮೂರು ಅಂದರೆ ಅನುಮಾನ ಬರುತ್ತದಲ್ಲ. ಮೂವತ್ಮೂರನ್ನು ನಾನು ಇಟ್ಟುಕೊಂಡೆ. ಅದನ್ನು ಯೋಚಿಸದೆ ಹೇಳಬಲ್ಲೆ.

ವಯಸ್ಸು ಕೇಳಿದ್ದಕ್ಕೆ ಸುಳ್ಳು ಹೇಳಿದೆ, ಸರಿ. ಊರಿಗೆ ವಾಪಸ್ ಬಂದಿದ್ದೇನೆ, ಅಪ್ಪನ ಜೊತೆ ಇದ್ದೇನೆ ಎಂದು ಆಕೆ ಕೇಳಿರಲಿಲ್ಲ. ನಾನೇ ಹೇಳಿದೆ. ಹೇಳುವಾಗ ಹಿತವಾಗಿತ್ತು. ಅದನ್ನು ನೀನು ಕೇಳಿಸಿಕೊಂಡೆ ಎಂದು ತಿಳಿದ ದಿನ ನನಗೆ ನೆಲ ಬಗೆದು ಒಳಗೆ ಹೋಗಬೇಕು ಅನ್ನಿಸಿತು.

ಅಂಚೆಯಲ್ಲಿದ್ದಾಗ ಒಬ್ಬ ಹೊಸಬ, ಮನೆಯಲ್ಲಿ ಯಾರೂ ಇಲ್ಲವೆಂದು ರಿಜಿಸ್ಟರ್ಡ್ ಕಾಗದಕ್ಕೆ ತಾನೇ ಸಹಿ ಹಾಕಿ ಬಾಗಿಲ ಸಂದಿಯಲ್ಲಿ ತೂರಿಸಿ ಬಂದಿದ್ದ. ಕಾಗದ ಕಳೆದಿರಲಿಲ್ಲ, ಯಾರಿಗೂ ನಷ್ಟವಾಗಿರಲಿಲ್ಲ. ಆದರೂ ಅವನ ಮೇಲೆ ದೂರು ಬರೆದವನು ನಾನು. "ಇನ್ನೊಬ್ಬರ ಸಹಿ ಹಾಕೋನು ಈ ಚೀಲ ಹೊರಬಾರದು" ಎಂದು ಎಲ್ಲರ ಮುಂದೆ ಅಂದಿದ್ದೆ. ಅವನ ಮುಖ ಹೇಗಾಗಿತ್ತೆಂದು ಈ ನಾಲ್ಕು ವಾರವೂ ನೆನಪಾಗುತ್ತಿದೆ.

ಹೋದ ಶುಕ್ರವಾರ ಭವನಕ್ಕೆ ಹೋಗಿ ಎಲ್ಲ ಹೇಳಿದೆ. ಕಂಡುಹಿಡಿದವನು ನನ್ನ ಮಗ, ಒಪ್ಪಿಕೊಂಡವನೂ ಅವನೇ, ಕೆಲಸಕ್ಕೆ ಪೆಟ್ಟು ಬಿದ್ದದ್ದೂ ಅವನಿಗೇ ಎಂದೆ. ಉಮ್ ಎದ್ದು ನಿಂತ.

"ಮಗ ಕೆಂಪು ಬಾವುಟದೋನು ಅಂತ ಗೊತ್ತಿತ್ತು. ಈಗ ಅಪ್ಪಾನೂ ಸೇರ್ಕೊಂಡ."

"ನಾನು ಎಲ್ಲೂ ಸೇರಿಲ್ಲ ಕಣಯ್ಯಾ. ಚೀಟಿ ವಾಪಸ್ ಕೊಡಿ ಅಂತಷ್ಟೇ ಕೇಳ್ತಿದೀನಿ."

"ನಮ್ಮ ಅಧ್ಯಕ್ಷರಿಗೋಸ್ಕರ ಒಂದು ಸುಳ್ಳು ಹೇಳಿದ್ರೆ ಏನಯ್ಯಾ ಗಂಟು ಹೋಗುತ್ತೆ ನಿನ್ನದು?"

"ಅವರು ಅಷ್ಟು ಒಳ್ಳೆಯವರಾಗಿದ್ರೆ ನನ್ನ ಸುಳ್ಳು ಯಾಕಪ್ಪಾ ಬೇಕಿತ್ತು ಅವರಿಗೆ?"

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು ಆ ಮಾತು. ನಾಲ್ಕು ಚೀಟಿಯಲ್ಲಿ ಮೂರು ವಾಪಸ್ ಬಂದವು. ಉಮ್ ಕೊಡಲಿಲ್ಲ. ನನ್ನ ಲೋಟ ಭವನದ ಕಪಾಟಿನಲ್ಲಿ ಇರುತ್ತಿತ್ತು. ಮಾರನೇ ದಿನ ಅದನ್ನು ಅಂಗಡಿಯ ಬಾಗಿಲಲ್ಲಿ ಯಾರೋ ಇಟ್ಟು ಹೋಗಿದ್ದರು.

ನಿನ್ನಮ್ಮನಿಗೂ ಹೇಳಿದೆ. ಅವಳು ಪರ್ಸಿಮನ್ ಹಣ್ಣುಗಳನ್ನು ಒಂದೊಂದೇ ಹಿಚುಕಿ ನೋಡುತ್ತಿದ್ದಳು, ತಲೆ ಎತ್ತಲಿಲ್ಲ. "ಮಗನ ಬಾಯಲ್ಲಿ ನಿಮ್ಮ ಮಾತು ಹಾಕೋಕೆ ಹೋಗಿ ಮಗನ್ನ ಕಳ್ಕೊಂಡ್ರಿ ಒಂದ್ಸಲ. ಆಗ ಎದುರಿಗೆ ಹಾಕೋಕೆ ನೋಡಿದ್ರಿ, ಈಗ ಹಿಂದಿನಿಂದ" ಅಂದಳು. ಅವಳು ಇಷ್ಟು ಮಾತಾಡಿದ್ದು ಅಪರೂಪ.

ರಾಷ್ಟ್ರಾಧ್ಯಕ್ಷರ ಬಗ್ಗೆ ನಾನು ನಿನ್ನ ಕಡೆಗೆ ಬಂದೆ ಎಂದು ತಿಳಿಯಬೇಡ. ಬಂದಿಲ್ಲ. ಮೊದಲಿನ ಹಾಗೆ ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ, ಅಷ್ಟೇ. ನಿನ್ನ ಕೆಲಸಕ್ಕೆ ಕುತ್ತು ತಂದೆ. ಊಟದ ಮೇಜಿನಲ್ಲಿ ನೀನು ಒಬ್ಬನೇ ಕೂರುವುದು ನನ್ನಿಂದ. ಕ್ಷಮಿಸು ಎಂದು ಅಪ್ಪನಾದವನು ಬರೆಯುವುದು ಕಷ್ಟ. ಬರೆದಿದ್ದೇನೆ.

ಹಣ್ಣು ಒಣಗಿದೆ. ನಾಳೆ ಪಾರ್ಸಲ್ ಹಾಕುತ್ತೇನೆ. ನೀನು ಬಂದು ತೆಗೆದುಕೊಳ್ಳಲಿ ಎಂದು ಇಟ್ಟುಕೊಂಡು ಕೂರುವುದಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಫೋನು ಬಂತು. ಬೇರೆ ಸಂಸ್ಥೆಯವರು, ಬೇರೆ ದನಿ. ನಡೆದದ್ದನ್ನು ಹಾಗೇ ಬರೆಯುತ್ತೇನೆ. ಈ ಸಲ ಅದು ನಿನ್ನ ಕಿವಿಗೆ ಬೀಳುವುದಿಲ್ಲವಲ್ಲ.

"ನಿಮ್ಮ ವಯಸ್ಸು, ಸರ್?"

"ಎಪ್ಪತ್ತೊಂದು."

"ಓ, ಆ ವಯಸ್ಸಿನವರದು ಮುಗಿದಿದೆ ಸರ್. ಮನೇಲಿ ಮೂವತ್ತರ ವಯಸ್ಸಿನವರು ಯಾರಾದ್ರೂ ಇದಾರಾ?"

"ಇಲ್ಲಮ್ಮ. ಒಬ್ಬ ಮಗ ಇದಾನೆ. ಸೋಲ್‌ನಲ್ಲಿದಾನೆ."

"ಅವರು ಊರಿಗೆ ಯಾವಾಗ ಬರ್ತಾರೆ? ಸೊಲ್ಲಾಲ್‌ಗೆ ಬರ್ತಾರಾ?"

ನಿನ್ನಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬರುತ್ತಾನೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿಲ್ಲಮ್ಮ" ಅಂದೆ. "ಅವನ ಮಾತು ನಾನು ಹೇಳೋ ಹಾಗಿಲ್ಲ. ಅವನನ್ನೇ ಕೇಳ್ಬೇಕು."

ಅಪ್ಪ